ಕಾಂಬಿ ಬಾಯ್ಲರ್: ಬಿಸಿಯಾದಾಗ 2.9 ಬಾರ್, ತಣ್ಣಗಾದ ಮೇಲೆ 0.4. ಸೋರಿಕೆ ಎಲ್ಲಿ?

ಬಿಸಿನೀರು:
ಎರಡು ಮಹಡಿ ಮನೆ, ಕೋಣೆ ಬೆಚ್ಚಗಿಡೋ ಒಂಬತ್ತು ರೇಡಿಯೇಟರ್, ಅವಕ್ಕೂ ನಲ್ಲಿಗೂ ನೀರು ಕಾಯಿಸೋದು ಒಂದೇ ಕಾಂಬಿ ಬಾಯ್ಲರ್. ತಣ್ಣಗಿದ್ದಾಗ ನೀರು ತುಂಬಿಸಿ ಒತ್ತಡವನ್ನ 1.3 ಬಾರ್‌ಗೆ ಇಟ್ಟಿರ್ತೀನಿ. ಹೀಟಿಂಗ್ ಹಾಕಿ ಅರ್ಧ ಗಂಟೆಗೆ ಗೇಜಿನ ಮುಳ್ಳು 2.9ಕ್ಕೆ ಹೋಗುತ್ತೆ. ಆರಿಸಿ ತಣ್ಣಗಾದರೆ 0.4ಕ್ಕೆ ಇಳಿದು ಬಾಯ್ಲರ್ ಹೊತ್ತಿಕೊಳ್ಳೋದೇ ಇಲ್ಲ. ವಾರಕ್ಕೆರಡು ಸಲ ನೀರು ತುಂಬಿಸಬೇಕು. ಮನೆಯೊಳಗೆ ಎಲ್ಲೂ ಒದ್ದೆಯಿಲ್ಲ. ಬಂದ ಒಬ್ಬರು ಸೇಫ್ಟಿ ವಾಲ್ವ್ ಬದಲಿಸಿದರು, ಮೂರೇ ವಾರಕ್ಕೆ ಮತ್ತೆ ಅದೇ ಹಾಡು. ಇನ್ನೊಬ್ಬರು ಮುಚ್ಚಳ ಕೂಡ ಬಿಚ್ಚದೆ ಹೊಸ ಬಾಯ್ಲರ್ ಹಾಕಿಸಿ ಅಂದರು. ಯಾರನ್ನ ನಂಬೋದು?

ಪಾನಾ_ಇಕ್ಕಳ:
ನೀವು ಬರೆದ ಮೂರು ಅಂಕಿಯಲ್ಲೇ ಉತ್ತರ ಇದೆ ಸರ್. ಪೈಪು ಸೋರುತ್ತಿದ್ದರೆ ಮುಳ್ಳು ಇಳಿಯುತ್ತಾ ಹೋಗಬೇಕಿತ್ತು, ಬಿಸಿಯಾದಾಗ 2.9ಕ್ಕೆ ಹಾರುತ್ತಿರಲಿಲ್ಲ. ನನ್ನ ಅನುಮಾನ ಎಕ್ಸ್‌ಪಾನ್ಷನ್ ವೆಸೆಲ್ ಮೇಲೆ.

10 ಡಿಗ್ರಿಯ ನೀರು 80 ಡಿಗ್ರಿಗೆ ಬಂದರೆ ಸುಮಾರು 3% ಹಿಗ್ಗುತ್ತೆ. ವ್ಯವಸ್ಥೆಯಲ್ಲಿ 100 ಲೀಟರ್ ನೀರಿದ್ದರೆ ಹತ್ತಿರ ಹತ್ತಿರ 3 ಲೀಟರ್ ಹೆಚ್ಚಾಯ್ತು. ನೀರನ್ನ ಅದುಮಿ ಚಿಕ್ಕದು ಮಾಡೋಕಾಗಲ್ಲ, ಅದಕ್ಕೆ ಜಾಗ ಬೇಕು. ಆ ಜಾಗವೇ ವೆಸೆಲ್: ಮಧ್ಯೆ ರಬ್ಬರ್ ಪರದೆ ಇರುವ ಲೋಹದ ಡಬ್ಬಿ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಗಾಳಿ ಇಳಿದುಹೋದರೆ ಹಿಗ್ಗಿದ ನೀರಿಗೆ ಹೋಗಲು ದಾರಿಯಿಲ್ಲ, ಒತ್ತಡ 3 ಬಾರ್ ಹತ್ತಿರ ಬಂದು ಸೇಫ್ಟಿ ವಾಲ್ವ್ ಬಾಯಿ ಬಿಡುತ್ತೆ, ನೀರು ಗೋಡೆಯಾಚೆಯ ತಾಮ್ರದ ಪೈಪಿನಿಂದ ಹೊರಗೆ. ತಣ್ಣಗಾಗಿ ಉಳಿದ ನೀರು ಕುಗ್ಗಿದಾಗ ನಿಮ್ಮ 0.4.

ಆ ತಾಮ್ರದ ಪೈಪಿನ ತುದಿಗೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಸಿಕ್ಕಿಸಿ ಒಂದು ದಿನ ಬಿಡಿ. ಪೈಪನ್ನ ಯಾವ ಕಾರಣಕ್ಕೂ ಮುಚ್ಚಬೇಡಿ. ಬರೋದು ಕುದಿಯುವಷ್ಟು ಬಿಸಿನೀರು, ಕೈ ಜೋಪಾನ.

ತಂತಿಗೊಂಚಲು:
ಅಷ್ಟೆಲ್ಲ ಯಾಕೆ, ಸೋರಿಕೆ ಮುಚ್ಚುವ ದ್ರಾವಣ ಸಿಗುತ್ತಲ್ಲ, ಒಂದು ಬಾಟಲಿ ಸುರಿದರೆ ಮುಗೀತು.

ಪಾನಾ_ಇಕ್ಕಳ:
ಬೇಡ ಮಾರಾಯ್ರೆ. ಇಲ್ಲಿ ಮುಚ್ಚೋಕೆ ತೂತೇ ಇಲ್ಲ, ವಾಲ್ವ್ ತನ್ನ ಕೆಲಸ ತಾನು ಮಾಡ್ತಿದೆ. ಆ ದ್ರಾವಣ ಸಣ್ಣ ಕಿಂಡಿಗಳ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ನಲ್ಲಿ (ಹೀಟಿಂಗ್ ನೀರಿನ ಬಿಸಿಯಿಂದ ನಲ್ಲಿ ನೀರು ಕಾಯಿಸೋ ಭಾಗ) ಕೂತರೆ ಸ್ನಾನದ ನೀರೂ ಹೋಯ್ತು.

ಬಿಸಿನೀರು:
ಚೀಲದಲ್ಲಿ ಒಂದು ಲೋಟದಷ್ಟು ನೀರು ಸೇರಿದೆ. ವೆಸೆಲ್ ಪರೀಕ್ಷೆ ಹೇಗೆ? ನಾನೇ ಮಾಡಬಹುದಾ?

ಪಾನಾ_ಇಕ್ಕಳ:
ನೀರು ತುಂಬಿಸೋದು, ಮುಳ್ಳು ನೋಡೋದು, ರೇಡಿಯೇಟರ್ ಗಾಳಿ ಬಿಡೋದು ನಿಮ್ಮದು. ಹೊರ ಮುಚ್ಚಳ ಬಿಚ್ಚಬೇಕು ಅಂದರೆ ಪರವಾನಗಿ ಇರುವವರೇ ಬೇಕು. ಬಹಳಷ್ಟು ಬಾಯ್ಲರ್‌ಗಳಲ್ಲಿ ಆ ಮುಚ್ಚಳವೇ ಹೊಗೆ ಮನೆಯೊಳಗೆ ಬರದಂತೆ ತಡೆಯೋದು. ಆದರೆ ಅವರು ಏನು ಮಾಡ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ.

ಕ್ರಮ ಹೀಗಿರಬೇಕು. ಬಾಯ್ಲರ್ ಆರಿಸಿ ತಣ್ಣಗಾಗಲು ಬಿಟ್ಟು, ಕೆಳಗಿನ ಎರಡು ಹೀಟಿಂಗ್ ವಾಲ್ವ್ (ರೇಡಿಯೇಟರ್‌ಗಳಿಗೆ ಹೋಗಿ ಬರುವ ಪೈಪಿನವು) ಮುಚ್ಚಿ, ಒಳಗಿನ ನೀರು ಬಸಿದು ಮುಳ್ಳನ್ನ ಸೊನ್ನೆಗೆ ತರಬೇಕು. ಬಸಿಯುವ ತಿರುಪನ್ನ ತೆರೆದೇ ಇಡಬೇಕು. ಆಮೇಲೆ ವೆಸೆಲ್‌ನ ವಾಲ್ವಿಗೆ (ಥೇಟ್ ಕಾರಿನ ಟೈರಿನದ್ದೇ) ಗೇಜ್ ಹಚ್ಚಬೇಕು. ಸಾಮಾನ್ಯವಾಗಿ 0.75ರಿಂದ 1 ಬಾರ್ ಇರಬೇಕು, ನಿಖರ ಅಂಕಿ ಕೈಪಿಡಿಯಲ್ಲಿರುತ್ತೆ. ಕಡಿಮೆಯಿದ್ದರೆ ಪಂಪ್ ಹೊಡೀಬೇಕು. ಹೊಡೆದ ಹಾಗೆ ಪರದೆ ಸರಿದು ಬಸಿಯುವ ಕಡೆ ಇನ್ನಷ್ಟು ನೀರು ಬರುತ್ತೆ. ನೀರು ನಿಂತ ಮೇಲೆ ಮತ್ತೆ ಅಳೆದು ಸರಿಮಾಡಬೇಕು.

ಇಲ್ಲೇ ಬಹಳ ಜನ ಎಡವೋದು. ನೀರಿನ ಒತ್ತಡ ಇಳಿಸದೆ ಗೇಜ್ ಹಚ್ಚಿದರೆ ಅದು ತೋರಿಸೋದು ಆಚೆ ಬದಿಯ ನೀರಿನ ಒತ್ತಡ. 1.3 ಅಂತ ಬರುತ್ತೆ, “ವೆಸೆಲ್ ಚೆನ್ನಾಗಿದೆ” ಅಂದುಬಿಡ್ತಾರೆ.

ವಾಲ್ವಿನ ಸೂಜಿ ಅದುಮಿದಾಗ ನೀರು ಚಿಮ್ಮಿದರೆ ಪರದೆ ಹರಿದಿದೆ, ವೆಸೆಲ್ ಬದಲಿಸಲೇಬೇಕು. ಒಳಗಿನದನ್ನ ತೆಗೆಯೋಕೆ ಬಾಯ್ಲರನ್ನೇ ಗೋಡೆಯಿಂದ ಇಳಿಸಬೇಕಾದಂಥ ಮಾಡೆಲ್ ಆದರೆ ರಿಟರ್ನ್ ಪೈಪಿಗೆ (ರೇಡಿಯೇಟರ್‌ಗಳಿಂದ ನೀರು ವಾಪಸ್ ಬರೋದು) ಹೊರಗಿನಿಂದ ಇನ್ನೊಂದು ವೆಸೆಲ್ ಜೋಡಿಸೋದು ತಪ್ಪೇನಲ್ಲ. ಗಾಳಿ ಸರಿಯಾಗಿ ನಿಂತಿದ್ದೂ ಒತ್ತಡ ಹಾರುತ್ತಿದ್ದರೆ ವೆಸೆಲ್‌ಗೆ ಹೋಗುವ ಸಣ್ಣ ಕೊಳವೆ ಕೆಸರು ಕಟ್ಟಿದೆಯಾ ನೋಡಿಸಿ. ಒಂದು ಸಲ ಬಾಯಿ ಬಿಟ್ಟ ಸೇಫ್ಟಿ ವಾಲ್ವಿನ ಸೀಟಿನಲ್ಲಿ ಕಸ ಕೂತು ಆಮೇಲೆ ತೊಟ್ಟಿಕ್ಕುತ್ತಲೇ ಇರೋದುಂಟು. ಹಾಗಾಗಿ ವೆಸೆಲ್ ಮೊದಲು, ವಾಲ್ವ್ ನಂತರ. ನಿಮ್ಮಲ್ಲಿ ಬರೀ ವಾಲ್ವ್ ಹಾಕಿದ್ದಕ್ಕೇ ಮೂರು ವಾರ ಬಾಳಿದ್ದು.

ಮಹಡಿಮನೆ:
ಬೇರೆ ಲಕ್ಷಣ ಇರೋರಿಗೆ ಎರಡು ಮಾತು. ತಣ್ಣಗಿದ್ದಾಗಲೂ ಮುಳ್ಳು ತಾನಾಗೇ ಏರಿದರೆ ಫಿಲ್ಲಿಂಗ್ ಲೂಪಿನ (ನಲ್ಲಿ ನೀರನ್ನ ಒಳಗೆ ತುಂಬಿಸೋ ಕೊಳವೆ) ವಾಲ್ವ್ ಪೂರ್ತಿ ಮುಚ್ಚಿಕೊಳ್ತಿಲ್ಲ. ಲೂಪ್ ಬಿಚ್ಚಿಟ್ಟ ಮೇಲೂ ಏರಿದರೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಒಳಗೇ ತೂತಾಗಿ ನಲ್ಲಿ ನೀರು ಹೀಟಿಂಗ್ ನೀರಿಗೆ ಸೇರುತ್ತಿರಬಹುದು.

ಏರದೆ ಬರೀ ಇಳಿಯುತ್ತಿದ್ದರೆ, ರಾತ್ರಿ ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ಆ ಎರಡು ಹೀಟಿಂಗ್ ವಾಲ್ವ್ ಮುಚ್ಚಿ ಮಲಗಿ. ಬೆಳಿಗ್ಗೆ ಮುಳ್ಳು ಬಿದ್ದಿದ್ದರೆ ಸೋರಿಕೆ ಬಾಯ್ಲರ್ ಒಳಗೆ. ಅಲ್ಲೇ ಇದ್ದು, ವಾಲ್ವ್ ತೆರೆದ ಕೂಡಲೇ ಬಿದ್ದರೆ ಪೈಪಿನಲ್ಲೋ ರೇಡಿಯೇಟರಿನಲ್ಲೋ. ವಾಲ್ವ್ ಮುಚ್ಚಿರುವಾಗ ಹೀಟಿಂಗ್ ಮಾತ್ರ ಹಾಕಬೇಡಿ. ಕಂಡೆನ್ಸಿಂಗ್ ಬಾಯ್ಲರ್ ಗಂಟೆಗಟ್ಟಲೆ ಆರಿದ್ದರೂ ಕಂಡೆನ್ಸೇಟ್ ಪೈಪಿನಿಂದ (ಹೊಗೆಯಲ್ಲಿನ ಆವಿ ತಣಿದು ಆದ ನೀರು ಹೋಗೋದು) ಹನಿ ನಿಲ್ಲದಿದ್ದರೆ ಉರಿಯಿಂದ ನೀರು ಕಾಯಿಸೋ ಮುಖ್ಯ ಹೀಟ್ ಎಕ್ಸ್‌ಚೇಂಜರ್ ಮೇಲೆ ಅನುಮಾನ. ಅದು ಹೋಗಿದ್ದರೆ ಹೊಸ ಬಾಯ್ಲರ್ ಮಾತಿಗೆ ಅರ್ಥವಿದೆ.

ಬಿಸಿನೀರು:
ಸರಿ, ಈಗ ಯಾರನ್ನ ಕರೆಸಲಿ ಅನ್ನೋದೇ ತಲೆನೋವು.

ಮಹಡಿಮನೆ:
ಫೋನಿನಲ್ಲೇ ಅರ್ಧ ಗೊತ್ತಾಗುತ್ತೆ. ನಿಮ್ಮ ಮೂರು ಅಂಕಿ ಹೇಳಿ, ಮೊದಲು ಏನು ನೋಡ್ತೀರಿ ಅಂತ ಕೇಳಿ. ವೆಸೆಲ್ ಗಾಳಿ ಅಂದರೆ ಕರೆಸಿ. ನೋಡುವ ಮೊದಲೇ “ಬಾಯ್ಲರ್ ಹಳೇದು” ಅಂತ ಶುರುಮಾಡಿದರೆ ಫೋನ್ ಇಡಿ. ಬಂದವರ ಪರವಾನಗಿ ಚೀಟಿ ನೋಡಿ: ಫೋಟೋ, ಅವಧಿ, ಮನೆಯ ಬಾಯ್ಲರ್ ಕೆಲಸ ಅದರಲ್ಲಿ ಸೇರಿದೆಯಾ ಅನ್ನೋದು. ಅದರ ಸಂಖ್ಯೆಯನ್ನ ಪರವಾನಗಿ ಕೊಟ್ಟ ಸಂಸ್ಥೆಯ ಪಟ್ಟಿಯಲ್ಲಿ ನೀವೇ ಹುಡುಕಿ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಪರೀಕ್ಷೆಗೆ ಎಷ್ಟು, ರಿಪೇರಿಗೆ ಎಷ್ಟು ಅಂತ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ತೆಗೆದ ಹಳೇ ಭಾಗ ನಿಮ್ಮ ಕೈಗೆ ಕೊಡಬೇಕು. ಬಿಲ್ಲಿನಲ್ಲಿ ವೆಸೆಲ್ ಮೊದಲು ಎಷ್ಟಿತ್ತು, ಈಗ ಎಷ್ಟು, ತಣ್ಣಗಿದ್ದಾಗ ಎಷ್ಟು ಬಾರ್, ಪೂರ್ತಿ ಬಿಸಿಯಾದಾಗ ಎಷ್ಟು ಅಂತ ನಾಲ್ಕು ಅಂಕಿ ಇರಲಿ. ಬಿಸಿಯ ಅಂಕಿ ಬರೆಯಬೇಕಾದರೆ ಅವರು ಅರ್ಧ ಗಂಟೆ ಹೀಟಿಂಗ್ ಓಡಿಸಿ ಕಾಯಲೇಬೇಕು, ಗಡಿಬಿಡಿಯವರು ಅಲ್ಲೇ ಸಿಕ್ಕಿಬೀಳ್ತಾರೆ. 1.3ರಿಂದ ಹೊರಟು 2ರ ಒಳಗೆ ನಿಂತರೆ ಸರಿಯಾಯ್ತು ಅಂತ ಲೆಕ್ಕ.

ಪಾನಾ_ಇಕ್ಕಳ:
ಇನ್ನೊಂದು. ಇಷ್ಟು ದಿನ ಹೊಸ ನೀರು ತುಂಬಿಸಿದ್ದೀರಿ, ಪ್ರತಿ ಸಲವೂ ಅದರ ಜೊತೆ ಆಮ್ಲಜನಕ ಒಳಗೆ ಹೋಗಿದೆ, ತುಕ್ಕು ತಡೆಯುವ ಇನ್ಹಿಬಿಟರ್ ತೆಳುವಾಗಿದೆ. ಒಂದು ರೇಡಿಯೇಟರಿನ ನೀರನ್ನ ಗಾಜಿನ ಲೋಟಕ್ಕೆ ಹಿಡಿದು ನೋಡಿ. ಕಪ್ಪಗೆ ಮಸಿಯಂತಿದ್ದರೆ ಅದೇ ಭೇಟಿಯಲ್ಲಿ ಫ್ಲಶ್ ಮಾಡಿಸಿ, ಬಾಟಲಿ ಮೇಲಿನ ಅಳತೆಗೆ ಹೊಸ ಇನ್ಹಿಬಿಟರ್ ಹಾಕಿಸಿ. ತಿಳಿಯಾಗಿದ್ದರೆ ಇನ್ಹಿಬಿಟರ್ ಒಂದೇ ಸಾಕು.