ಸಹಾಯ ಬೇಕು: ರಿವಾಲ್ವರ್‌ನ ಮರದ ಗ್ರಿಪ್ ಮೇಲ್ತುದೀಲಿ ಸಂದು ಬಿಡ್ತಿದೆ

ಗನ್ನು ಹಳೇ ಸ್ಮಿತ್ ಅಂಡ್ ವೆಸನ್ ಮಾಡೆಲ್ 10, ಕೆ ಫ್ರೇಮ್ (ಮಧ್ಯಮ ಗಾತ್ರದ ಲೋಹದ ಚೌಕಟ್ಟು), ಸ್ಕ್ವೇರ್ ಬಟ್ (ಹಿಡಿಯ ಬುಡ ಚೌಕ). ಗ್ರಿಪ್ (ಹಿಡಿಯ ಎರಡೂ ಪಕ್ಕದ ಹಲಗೆ) ವಾಲ್ನಟ್ ಮರದ್ದು, ಆದರೆ ಬೇರೆ ಗನ್ನಿಂದ ಬಂದ ಜೋಡಿ. ಬಲಗಡೆ ಹಲಗೆಯ ಒಳಗಿರೋ ಸೀರಿಯಲ್ ನಂಬರ್ ಫ್ರೇಮಿಗೆ ತಾಳೆ ಆಗಲ್ಲ. ಆ ಕಾಲದಲ್ಲಿ ಒಂದೊಂದು ಜೋಡೀನೂ ಅದರದೇ ಫ್ರೇಮಿಗೆ ಕೂರಿಸಿ ಉಜ್ತಿದ್ದರು, ಹಾಗಾಗಿ ಸ್ವಲ್ಪ ಆಚೀಚೆ ಆಗೋದು ಸಹಜ.

ಹಳೇ ವಾರ್ನಿಶ್ ಸ್ಟ್ರಿಪ್ಪರ್ ಹಾಕಿ ತೆಗೆದಾಗಿದೆ. ಚೆಕರಿಂಗ್ (ಕೈ ಜಾರದಂತೆ ಕೊರೆದ ಚೌಕುಳಿ) ಗೀರುಗಳಿಗೆ ಹಲ್ಲುಜ್ಜೋ ಬ್ರಷ್ ಮಾತ್ರ, ಸ್ಯಾಂಡ್‌ಪೇಪರ್ ಮುಟ್ಟಿಸಿಲ್ಲ (ಮುಟ್ಟಿಸಿದರೆ ಮೊನೆಗಳೆಲ್ಲ ಚಪ್ಪಟೆ). ನಯ ಇರೋ ಜಾಗಕ್ಕೆ 320 ನಂಬರ್ ಸ್ಯಾಂಡ್‌ಪೇಪರ್, ಆಮೇಲೆ 400. ಟಂಗ್ ಆಯಿಲ್ ಇನ್ನೂ ಹಚ್ಚಿಲ್ಲ, ಮೊದಲು ಕೂರಲಿ ಅಂತ.

ಎಡಗಡೆದು ಸರಿಯಾಗಿ ಕೂತಿದೆ. ಬಲಗಡೆದರ ಮೇಲ್ತುದಿ, ಹಿಂಭಾಗದಲ್ಲಿ, ದಪ್ಪ ಕಾಗದ ತೂರುವಷ್ಟು ಎದ್ದಿರುತ್ತೆ. ಸ್ಕ್ರೂ ಬಿಗಿ ಮಾಡಿದರೂ ಅಷ್ಟೇ. ಇನ್ನೂ ತಿರುಗಿಸಿದರೆ ಮರ ಸೀಳುತ್ತೆ. ಸ್ಕ್ರೂ ಇಲ್ಲದೆ ಬೆರಳಲ್ಲಿ ಮೇಲೆ ಒತ್ತಿದರೆ ಸಂದು ಮುಚ್ಚುತ್ತೆ, ಆದರೆ ಬುಡ ಏಳುತ್ತೆ. ಫ್ರೇಮಿಗೆ ದೀಪದ ಮಸಿ ಎಣ್ಣೇಲಿ ಕಲಸಿ ಸವರಿ ಕೂರಿಸಿ ನೋಡಿದ್ರೆ ಎರಡು ಕಡೆ ಮಸಿ ಹತ್ತುತ್ತೆ: ಬುಡದಲ್ಲಿ ಫ್ರೇಮಿನ ಪಿನ್ ಕೂರೋ ತೂತಿನ ಅಂಚು, ಮತ್ತೆ ಒಳಗಿನ ಹಿಂದಿನ ಅಂಚಿನ ನಡುಭಾಗ.

ಗೊಂದಲ ಇಲ್ಲೇ. ಪಿನ್ ತೂತು ಹಿಗ್ಗಿಸಿದರೆ ಹಲಗೆ ಆಡೋಕೆ ಶುರುವಾಗಬಹುದು. ನಡುಭಾಗ ಹೆರೆದರೆ ಹೊರಗಡೆ ಮರ ಲೋಹಕ್ಕಿಂತ ತಗ್ಗಾಗಬಹುದು, ಅದನ್ನ ತುಂಬೋಕಾಗಲ್ಲ.

ಈ ಕೆಲಸ ಮಾಡಿದವರು ಹೇಳಿ: ಮೊದಲು ಯಾವುದನ್ನ ಹೆರೆಯಬೇಕು, ತೂತೋ ನಡುಭಾಗವೋ? ತೂತೇ ಆದರೆ ಯಾವ ದಿಕ್ಕಿಗೆ?