ಮುಖವಿರುವ ಮಣ್ಣಿನ ಪೈಪು: ‘ಚಿಲುಮೆ’ ಎನ್ನಬಹುದೇ?

ಗೆಳೆಯರೇ,

19ನೇ ಶತಮಾನದ ಫ್ರಾನ್ಸಿನ ಮಣ್ಣಿನ ಪೈಪುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತಂಬಾಕು ತುಂಬುವ ಭಾಗವೇ ತಲೆಯ ಆಕಾರದಲ್ಲಿರುವ ಪೈಪುಗಳು ಇವು. ರಾಜರು, ಸೈನಿಕರು, ಪ್ರಾಣಿಗಳು ಎಲ್ಲ ಇದ್ದಾರೆ. ಝಿವೆ ಊರಿನ ಗಾಂಬಿಯೆ, ಸೇಂತ್ ಒಮೇರ್‌ನ ಫಿಯೊಲೆ ಕಾರ್ಖಾನೆಗಳು ಇದಕ್ಕೆ ಹೆಸರುವಾಸಿಯಾಗಿದ್ದವು. ಗಾಂಬಿಯೆಯವರ ‘ಜಾಕೋಬ್’ ಪೈಪಿಗೆ ಉದ್ದ ಗಡ್ಡ, ತಲೆಗೆ ಪೇಟ, ಜೊತೆಗೆ ‘ನಾನೇ ನಿಜವಾದ ಜಾಕೋಬ್’ ಎಂಬ ಬರಹ. ಬೇರೆಯವರೂ ಅದೇ ಮುಖ ಮಾಡಿ ಮಾರುತ್ತಿದ್ದರು, ಹಾಗಾಗಿ ಆ ಬರಹಕ್ಕೆ ಅರ್ಥವಿತ್ತು.

ಇದನ್ನು ‘ಚಿಲುಮೆ’ ಅಂದರೆ ಸಾಕಲ್ವಾ ಅಂತ ಕೆಲವರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ನಮ್ಮ ಚಿಲುಮೆ ನೆಟ್ಟಗಿನ ಕೊಳವೆ, ಮೇಲೆ ಅಗಲ, ಕೆಳಗೆ ಸಣ್ಣ. ಪೈಪಿನಲ್ಲಿ ಬಟ್ಟಲು ಬೇರೆ, ಕೊಳವೆ ಬೇರೆ, ನಡುವೆ ಒಂದು ಬಾಗು. ಮುಖ ಮೂಡುವುದು ಆ ಬಟ್ಟಲಿನಲ್ಲೇ. ಮೇಲಾಗಿ ‘ಮುಖದ ಚಿಲುಮೆ’ ಅಂದರೆ ತುಮಕೂರಿನವರಿಗೆ ದೇವರಾಯನದುರ್ಗದ ನಾಮದ ಚಿಲುಮೆ ನೆನಪಾಗಿ, ನೀರಿನ ಬುಗ್ಗೆ ಅಂದುಕೊಂಡಾರು! ಸದ್ಯಕ್ಕೆ ‘ಮೊಗಪೈಪು’ ಎಂದು ಬರೆದಿದ್ದೇನೆ.

ನನಗೆ ಜಾಸ್ತಿ ಕಷ್ಟವಾಗಿರುವುದು ತಯಾರಿಕೆಯ ಮಾತುಗಳು. ಬಿಳಿ ಜೇಡಿಯನ್ನು ಹೊಸೆದು, ಒಂದು ತುದಿಯಲ್ಲಿ ಉಂಡೆ ಬಿಟ್ಟು, ಉದ್ದ ಬಾಲ ಎಳೆಯುತ್ತಾರೆ. ಬಾಲದೊಳಗೆ ಎಣ್ಣೆ ಸವರಿದ ತಂತಿ ತೂರಿಸುತ್ತಾರೆ. ಆಮೇಲೆ ಎರಡು ಹೋಳಿನ ಲೋಹದ ಅಚ್ಚಿನಲ್ಲಿಟ್ಟು ಬಿಗಿದು, ಮೇಲಿಂದ ಗೂಟ ಒತ್ತಿ ಬಟ್ಟಲನ್ನು ಟೊಳ್ಳು ಮಾಡುತ್ತಾರೆ. ಹಾಗಾಗಿ ಇದನ್ನು ‘ಎರಕ’ ಎನ್ನುವುದು ತಪ್ಪು. ಇಲ್ಲಿ ಕರಗಿಸಿ ಹೊಯ್ಯುವುದೇನೂ ಇಲ್ಲ, ಒತ್ತುವುದಷ್ಟೇ. ‘ಅಚ್ಚೊತ್ತು’ ಸರಿಹೋಗುತ್ತದೆ.

ಅಚ್ಚಿನ ಹೋಳುಗಳು ಕೂಡುವಲ್ಲಿ ಮಣ್ಣು ಉಬ್ಬಿ ಗೆರೆ ಉಳಿಯುತ್ತದೆ. ಮುಖ ಮುಂದಕ್ಕೆ ನೋಡುತ್ತಿದ್ದರೆ ಆ ಗೆರೆ ನೇರ ಹಣೆ, ಮೂಗು, ಗಲ್ಲದ ಮೇಲೇ ಹಾಯುತ್ತದೆ. ಸುಡುವ ಮೊದಲು ಅದನ್ನು ಹೆರೆದು ನಯ ಮಾಡಬೇಕು. ಈ ಕೆಲಸ ಹೆಚ್ಚಾಗಿ ಹೆಂಗಸರದ್ದಾಗಿತ್ತು. ಕೈ ತಪ್ಪಿದರೆ ಮೂಗೇ ಹೋಯಿತು. ಇಷ್ಟು ನಾಜೂಕಿನ ಕೆಲಸಕ್ಕೆ ಸುಮ್ನೆ ‘ಸ್ವಚ್ಛಗೊಳಿಸುವುದು’ ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

ಆ ಗೆರೆಗೆ, ಅದನ್ನು ಹೆರೆಯುವ ಕೆಲಸಕ್ಕೆ ನಿಮ್ಮ ಕಡೆಯ ಕುಂಬಾರರು, ಗೊಂಬೆ ಮಾಡುವವರು, ಗಣಪತಿ ಅಚ್ಚಿನವರು ಏನನ್ನುತ್ತಾರೆ? ಕೇಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.