ಹಲ್ಲು ಸಾಲು ಮಾಡ್ಲಾಕ ಅಲೈನರ್ ಛಲೋನೋ, ತಂತಿ ಕ್ಲಿಪ್ಪೇ ಛಲೋನೋ?

ಭೀಮಾ ದಂಡಿ, ಯಾದಗಿರಿ:
ಮಗಳಿಗಿ 19 ವರ್ಷ. ಮ್ಯಾಲಿನ ಎಡಗಡಿ ಕೋರೆಹಲ್ಲು ಹೊರಗ ಬಂದದ, ಕೆಳಗಿನ ಮುಂದಿನ ನಾಲ್ಕು ಹಲ್ಲು ಒಂದರ ಮ್ಯಾಲ ಒಂದು ಏರ್ಯಾವ. ಕಲಬುರಗಿಯಾಗ ಒಬ್ರು ಡಾಕ್ಟರು 28 ಜೋಡಿ ಕ್ಲಿಯರ್ ಅಲೈನರ್ (ಹಲ್ಲಿನ ಮ್ಯಾಲ ಹಾಕಿ ತೆಗಿಯೋ ಪಾರದರ್ಶಕ ಪ್ಲಾಸ್ಟಿಕ್ ಟ್ರೇ), 10 ದಿನಕ್ಕೊಂದು ಬದಲಿಸಬೇಕು ಅಂದ್ರು. ಇನ್ನೊಬ್ರು ತಂತಿ ಕ್ಲಿಪ್ ಹಾಕ್ರಿ, ಒಂದೂವರೆ ವರ್ಷ ಹಿಡೀತದ ಅಂದ್ರು. ಇದರ ನಡುವ ಆನ್‌ಲೈನ್ ಕಂಪನಿಯೊಂದು ಮನಿಗೇ ಬಂದು ಸ್ಕ್ಯಾನ್ ಮಾಡ್ತೀವಿ, ಡಾಕ್ಟರ್ ಹಂತೇಕ ಹೋಗೋದೇ ಬ್ಯಾಡ ಅಂತದ, ರೇಟೂ ಕಮ್ಮಿ. ಎರಡರಾಗ ಯಾವುದು ಛಲೋ? ಮತ್ತೊಂದು, ಅಕಿ ಹಲ್ಲಿನ ಮ್ಯಾಲ ಬಿಳಿ, ಕಂದು ಕಲೆ ಅದಾವ, ಬೋರ್ ನೀರಿಂದ ಆಗ್ಯಾವ ಅಂತಾರ. ಅದರಿಂದ ಏನರ ತೊಂದರಿ ಅದನ?

ಹಲ್ಲು_ಆರ್ಥೋ, ಕಲಬುರಗಿ:
ಪ್ಲಾಸ್ಟಿಕ್ಕೋ ತಂತಿಯೋ ಅನ್ನುವುದು ಎರಡನೇ ಪ್ರಶ್ನೆ ಸರ. ಹಲ್ಲು ಸಾಲಾಗಿ ಕೂರಲು ಎಷ್ಟು ಮಿಲಿಮೀಟರ್ ಜಾಗ ಕಡಿಮೆ ಬೀಳುತ್ತಿದೆ, ಆ ಜಾಗ ಎಲ್ಲಿಂದ ತರುತ್ತೀರಿ ಎಂದು ಮೊದಲು ಇಬ್ಬರನ್ನೂ ಕೇಳಿ. ಅದಕ್ಕೆ ಉತ್ತರ ಕೊಡದೆ ಬರೀ ಕಂಪ್ಯೂಟರ್ ವಿಡಿಯೋ ತೋರಿಸುವ ಕಡೆ ಮುಂಗಡ ಕಟ್ಟಬೇಡಿ.

ಜಾಗ 4 ಮಿ.ಮೀ. ಆಸುಪಾಸು ಕಡಿಮೆ ಇದ್ದರೆ ಹಲ್ಲು ಹಲ್ಲಿನ ನಡುವೆ 0.2ರಿಂದ 0.5 ಮಿ.ಮೀ. ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಉಜ್ಜಿ ತೆಗೆಯುತ್ತಾರೆ. ಐಪಿಆರ್ ಅನ್ನುವುದು ಇದಕ್ಕೇ. ಸರಿಯಾಗಿ ಮಾಡಿದರೆ ಹಲ್ಲಿಗೆ ಹಾನಿ ಇಲ್ಲ. 8 ಮಿ.ಮೀ. ದಾಟಿದರೆ ಉಜ್ಜುವುದರಿಂದ ಆಗುವ ಕೆಲಸವಲ್ಲ, ಕೋರೆಹಲ್ಲಿನ ಹಿಂದಿನ ಹಲ್ಲು ಕೀಳಬೇಕಾಗಬಹುದು. ಹಲ್ಲು ಕಿತ್ತ ಜಾಗ ಮುಚ್ಚುವಾಗ ಬೇರು ಸಮೇತ ಹಲ್ಲು ನೆಟ್ಟಗೆ ಸರಿಯಬೇಕು. ಅಲೈನರ್ ಹಿಡಿದಿರುವುದು ಹಲ್ಲಿನ ತಲೆಯನ್ನು ಮಾತ್ರ, ಹಾಗಾಗಿ ಹಲ್ಲು ವಾಲಿಬಿಡುತ್ತದೆ. ಅಂಥ ಕೇಸಿಗೆ ಈಗಲೂ ನನ್ನ ಮತ ತಂತಿಗೇ.

ಒಂದು ಟ್ರೇ ಹಲ್ಲನ್ನು ಸುಮಾರು 0.25 ಮಿ.ಮೀ. ಸರಿಸುತ್ತದೆ, ತಿರುಗಿಸುವುದಾದರೆ 2 ಡಿಗ್ರಿ ಹತ್ತಿರ. ಬೇರಿಗೂ ಮೂಳೆಗೂ ನಡುವೆ ಇರುವ ನಾರಿನ ಪದರದ ದಪ್ಪವೇ ಹೆಚ್ಚುಕಡಿಮೆ ಅಷ್ಟು. ಅದಕ್ಕಿಂತ ಜೋರಾಗಿ ಒತ್ತಿದರೆ ಅಲ್ಲಿ ರಕ್ತ ಸಂಚಾರ ನಿಂತು ಹಲ್ಲು ಇನ್ನೂ ನಿಧಾನವಾಗುತ್ತದೆ. ಸಂದಿ ಮುಚ್ಚುವುದು, ವಾಲಿದ ಬಾಚಿಹಲ್ಲು ಎತ್ತುವುದು, ಹಿಂದೆ ಕ್ಲಿಪ್ ಹಾಕಿಸಿ ಮತ್ತೆ ಸೊಟ್ಟಾದದ್ದನ್ನು ಸರಿಮಾಡುವುದು ಅಲೈನರಿಗೆ ಸುಲಭದ ಕೆಲಸ. ಕಷ್ಟದ್ದು ಎರಡು: ಉರುಟು ಹಲ್ಲನ್ನು ತಿರುಗಿಸುವುದು, ಮೇಲಿರುವ ಹಲ್ಲನ್ನು ಕೆಳಗೆ ಎಳೆಯುವುದು. ನಿಮ್ಮ ಮಗಳ ಕೋರೆಹಲ್ಲಿಗೆ ಬಹುಶಃ ಎರಡೂ ಬೇಕು. ನುಣುಪು ಪ್ಲಾಸ್ಟಿಕ್ ಜಾರುತ್ತದೆ ಎಂದೇ ಹಲ್ಲಿನ ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಗುಬ್ಬಿ ಅಂಟಿಸುತ್ತಾರೆ, ಅದು ಅಟ್ಯಾಚ್‌ಮೆಂಟ್. ಮುಂದಿನ ಹಲ್ಲಿಗೆ ನಾಲ್ಕೈದು ಅಂಟಿಸಿದ ಮೇಲೆ ‘ಕಾಣದ ಕ್ಲಿಪ್’ ಅನ್ನುವ ಜಾಹೀರಾತಿನ ಮಾತು ಪೂರ್ತಿ ನಿಜವಲ್ಲ.

28 ಟ್ರೇ ಅಂದರೆ 280 ದಿನ, ಒಂಬತ್ತು ತಿಂಗಳ ಮೇಲೆ. ಇದು ಮೊದಲ ಕಂತು. ಇನ್ವಿಸಲೈನ್ ಅನ್ನುವ ಹೆಸರಾಂತ ಅಲೈನರ್ ಬಗ್ಗೆ 2009ರಲ್ಲಿ ಬಂದ ಅಧ್ಯಯನವೊಂದರಲ್ಲಿ ಸಾಫ್ಟ್‌ವೇರ್ ತೋರಿಸಿದ ಚಲನೆಯಲ್ಲಿ ಬಾಯಲ್ಲಿ ನಿಜವಾಗಿ ಆದದ್ದು ಸರಾಸರಿ 41%, 2020ರ ಅಧ್ಯಯನದಲ್ಲಿ 50%. ಉಳಿದದ್ದಕ್ಕೆ ಮತ್ತೆ ಸ್ಕ್ಯಾನ್, ಮತ್ತೆ ಹೊಸ ಟ್ರೇ. ಇದಕ್ಕೆ ರಿಫೈನ್‌ಮೆಂಟ್ ಅನ್ನುತ್ತಾರೆ. ಅದು ಎಷ್ಟು ಸಲ ಪುಕ್ಕಟೆ, ಚಿಕಿತ್ಸೆ ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಆ ರೇಟಿನಲ್ಲೇ ಸೇರಿದೆಯೋ ಇಲ್ಲವೋ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಂಬತ್ತು ತಿಂಗಳನ್ನು ಒಂದೂವರೆ ವರ್ಷದ ಪಕ್ಕ ಇಟ್ಟು ತೂಗುವುದು ಸರಿಯಲ್ಲ.

ನಡುವಿನ ದಾರಿಯೂ ಉಂಟು. ನಾಲ್ಕಾರು ತಿಂಗಳು ಮೇಲಿನ ಸಾಲಿಗೆ ತಂತಿ ಹಾಕಿ ಕೋರೆಹಲ್ಲು ಇಳಿಸಿಕೊಂಡು, ಉಳಿದದ್ದನ್ನು ಅಲೈನರಿನಲ್ಲಿ ಮುಗಿಸುವುದು.

ಕಲೆ ಬಗ್ಗೆ: ಅದು ಫ್ಲೋರೋಸಿಸ್, ಅಂದರೆ ನೀರಿನ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬೀಳುವ ಕಲೆ ಇರಬಹುದು. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಮ್ಮ ಯಾದಗಿರಿ, ಕಲಬುರಗಿ ಜಿಲ್ಲೆಯ ಎಷ್ಟೋ ಹಳ್ಳಿಯ ಬೋರ್ ನೀರು ಅದನ್ನು ಮೀರುತ್ತದೆ. ಅಂಥ ಎನಾಮೆಲ್‌ನ ಮೇಲ್ಪದರ ಆಸಿಡ್‌ಗೆ ಬಗ್ಗುವುದಿಲ್ಲ. ಅಂಟಿಸುವ ಮುಂಚೆ 37% ಫಾಸ್ಫಾರಿಕ್ ಆಸಿಡ್ ಹಚ್ಚಿ ಹಲ್ಲನ್ನು ತರಿತರಿ ಮಾಡುತ್ತಾರಲ್ಲ, ಮಾಮೂಲಿ 15ರಿಂದ 30 ಸೆಕೆಂಡು ಇಲ್ಲಿ ಸಾಲದು. ಹೆಚ್ಚು ಹೊತ್ತು ಹಚ್ಚಬೇಕು, ಇಲ್ಲವೇ ಮೇಲ್ಪದರ ತುಸು ಉಜ್ಜಿ ಅಂಟಿಸಬೇಕು. ಇಲ್ಲದಿದ್ದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರ್ಯಾಕೆಟ್ಟೂ ಉದುರುತ್ತದೆ, ಗುಬ್ಬಿಯೂ ಉದುರುತ್ತದೆ. ಈ ಒಂದು ವಿಷಯದಲ್ಲಿ ಅಲೈನರಿಗೆ ಮೇಲುಗೈ, ಅಂಟಿಸುವ ಜಾಗ ಕಡಿಮೆ. ಆದರೆ ಗುಬ್ಬಿ ಬಿದ್ದಾಗ ಟ್ರೇ ಎಂದಿನಂತೆಯೇ ಕೂರುತ್ತದೆ, ಹಲ್ಲು ಮಾತ್ರ ಸರಿಯುವುದಿಲ್ಲ. ಬಿದ್ದ ವಾರವೇ ಅಂಟಿಸಿಕೊಳ್ಳಬೇಕು.

ಟ್ರೇ ಲ್ಯಾಬ್, ಬೀದರ್:
ಡಾಕ್ಟರು ಹೇಳಿದ್ದು ಖರೇ ಅದ. ನಾ ಮಾಲಿನ ಬಗ್ಗೆ ಅಷ್ಟೇ ಹೇಳ್ತೀನ್ರಿ. ಶೀಟ್ ಮಾಮೂಲಿ 0.75 ಮಿ.ಮೀ. ಇರ್ತದ. ಕಾಯಿಸಿ ತ್ರೀಡಿ ಪ್ರಿಂಟ್ ಮಾಡಿದ ಅಚ್ಚಿನ ಮ್ಯಾಲ ಒತ್ತಿದಾಗ ಇನ್ನಾ ತೆಳ್ಳಗ ಆಗ್ತದ. ಶಾಖಕ್ಕ ಹುಟ್ಟಿದ ಮಾಲು ಶಾಖಕ್ಕೇ ಕೆಡ್ತದ. ಬಿಸಿ ನೀರಾಗ ತೊಳದ್ರ, ಮೇ ತಿಂಗಳ ಬಿಸಲಾಗ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಬಿಟ್ರ ಸೊಟ್ಟ ಆಗ್ತದ. ಕಣ್ಣಿಗಿ ಕಾಣಲ್ಲ, ಹಲ್ಲಿಗಿ ತಿಳೀತದ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಬ್ಯಾಡ್ರಿ, ಗೀರು ಬಿದ್ದು ಮಂಕಾಗ್ತದ, ಆ ಗೀರಿನಾಗೇ ವಾಸನಿ ಕೂಡ್ತದ. ತಣ್ಣೀರು, ಮೆತ್ತನ ಬ್ರಶ್, ವಾಸನಿ ಇಲ್ಲದ ಲಿಕ್ವಿಡ್ ಸೋಪ್ ಸಾಕು.

ತೆಗಿವಾಗ ಮುಂದಿಂದ ಜಗ್ಗಬ್ಯಾಡ್ರಿ, ಸೀಳ್ತದ. ಹಿಂದಿನ ದವಡಿಹಲ್ಲಿನ ಒಳಬದಿಗಿ ಉಗುರು ಕೊಟ್ಟು ಎರಡೂ ಕಡಿ ಸಡಲಿಸಿ ಆಮ್ಯಾಲ ಮುಂದಕ್ಕ ಬರ್ರಿ. ಹಾಕಿದ ಮ್ಯಾಲ ಚ್ಯೂಯಿ, ಅಂದ್ರ ಮೆತ್ತನ ರಬ್ಬರಿನಂಥ ಸುರುಳಿ, ಅದನ್ನ ದಿನಕ್ಕ ಎರಡು ಸಲ ಐದೈದು ನಿಮಿಷ ಕಡೀಬೇಕು. ಹಲ್ಲಿನ ತುದಿಗೂ ಟ್ರೇಗೂ ನಡುವ ಸಂದಿ ಕಂಡ್ರ ಹಲ್ಲು ಹಿಂದ ಬಿದ್ದದ ಅಂತ ತಿಳೀರಿ. ಮುಂದಿನ ಟ್ರೇಕ್ಕ ಹೋಗಬಾರದು, ಡಾಕ್ಟರಿಗಿ ಫೋಟೋ ಕಳಸ್ರಿ.

ಇನ್ನೊಂದು ಮಂದಿ ನೋಡದೇ ಬಿಡ್ತಾರ, ಅಂಚು ಎಲ್ಲಿ ಕತ್ತರಿಸ್ಯಾರ ಅನ್ನೋದು. ವಸಡಿನ ಗೆರಿಗಿ ಡೊಂಕಡೊಂಕ ಕತ್ತರಿಸಿದ್ದಕ್ಕಿಂತ ವಸಡಿನ ಮ್ಯಾಲ 2 ಮಿ.ಮೀ. ಬರೋಹಂಗ ನೆಟ್ಟಗ ಕತ್ತರಿಸಿದ್ದು ಗಟ್ಟಿ ಹಿಡೀತದ. ಚುಚ್ಚಿದ್ರ ಉಗುರು ತಿಕ್ಕೋ ಅರದಿಂದ ತುಸು ತಿಕ್ರಿ, ಕತ್ರಿ ಹಚ್ಚಬ್ಯಾಡ್ರಿ.

ವಸಡು_ವಿಭಾಗ, ಕಲಬುರಗಿ:
ಮನೆಗೆ ಬಂದು ಸ್ಕ್ಯಾನ್ ಮಾಡುವವರ ಬಗ್ಗೆ ಯಾರೂ ಹೇಳಲಿಲ್ಲ. ಸ್ಕ್ಯಾನರಿಗೆ ಹಲ್ಲಿನ ತಲೆ, ವಸಡಿನ ಮೇಲ್ಮೈ ಅಷ್ಟೇ ಕಾಣುವುದು. ಬೇರು, ಮೂಳೆ, ಒಳಗೆ ಅಡ್ಡ ಮಲಗಿದ ಬುದ್ಧಿಹಲ್ಲು ಕಾಣುವುದಿಲ್ಲ. ಅದಕ್ಕೆ ಓಪಿಜಿ, ಅಂದರೆ ಬಾಯಿಯ ಎಲ್ಲ ಹಲ್ಲೂ ಕಾಣುವ ಎಕ್ಸ್‌ರೇ ಬೇಕು, ದವಡೆಯ ಅಳತೆಗೆ ಪಕ್ಕದಿಂದ ತೆಗೆಯುವ ಎಕ್ಸ್‌ರೇ, ಸೆಫಲೋಗ್ರಾಮ್ ಬೇಕು. ವಸಡಿನಲ್ಲಿ ಊತ, ರಕ್ತ ಇರುವಾಗ ಹಲ್ಲು ಸರಿಸಿದರೆ ಮೂಳೆ ಕರಗುವುದು ಚುರುಕಾಗುತ್ತದೆ. ಮೊದಲು ಕ್ಲೀನಿಂಗ್, ವಸಡು ಗಟ್ಟಿಯಾದ ಮೇಲೆ ಉಳಿದದ್ದು. ಇದೇ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು, ಅರ್ಧ ಚಿಕಿತ್ಸೆಯಲ್ಲಿದ್ದವರು ಅಲ್ಲಿಗೇ ನಿಂತರು. ಎದುರು ಕೂತು ನೋಡುವ ಎಂಡಿಎಸ್ ಆರ್ಥೋಡಾಂಟಿಸ್ಟ್, ಅಂದರೆ ಹಲ್ಲು ಸಾಲು ಮಾಡುವುದರಲ್ಲೇ ಸ್ನಾತಕೋತ್ತರ ಓದಿದ ದಂತವೈದ್ಯರು, ಇಲ್ಲದ ಕಡೆ ಹೋಗಬೇಡಿ.

ಚಹಾದ ಲೆಕ್ಕವನ್ನೂ ಹಾಕಿ. ಟ್ರೇ ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು. ಮೂರು ಊಟಕ್ಕೆ ಬಾಯಿ ತೊಳೆಯುವುದು ಸೇರಿ 40 ನಿಮಿಷದಂತೆ ಎರಡು ಗಂಟೆ ಅಲ್ಲೇ ಮುಗಿಯಿತು. ನಾಲ್ಕು ಸಲ ಚಹಾ, ತಲಾ 20 ನಿಮಿಷ, 21 ಗಂಟೆಗಿಂತ ಕೆಳಗೆ ಬಂದಿರಿ. ಮದುವೆ, ಜಾತ್ರೆಯ ದಿನ ಕೇಳುವುದೇ ಬೇಡ. ಟ್ರೇ ಹಾಕಿಕೊಂಡೇ ಸಕ್ಕರೆ ಚಹಾ ಕುಡಿದರೆ ಒಳಗೆ ಜೊಲ್ಲು ಹರಿಯದೆ ಸಕ್ಕರೆ ಹಲ್ಲಿಗೆ ಅಂಟಿ ಕೂತು ಹುಳುಕು ಹಿಡಿಯುತ್ತದೆ. ಟ್ರೇ ಇದ್ದಾಗ ನೀರು ಮಾತ್ರ. ಹಾಗೆಯೇ ತಂತಿ ಹಾಕಿದವರಿಗೆ ಕಡಕ್ ರೊಟ್ಟಿ, ಕಬ್ಬು, ಶೇಂಗಾ ಚಿಕ್ಕಿ ಮುಟ್ಟುವಂತಿಲ್ಲ, ಬ್ರ್ಯಾಕೆಟ್ ಕಿತ್ತು ಬರುತ್ತದೆ. ಅಲೈನರ್ ತೆಗೆದಿಟ್ಟು ಇವನ್ನೆಲ್ಲ ತಿನ್ನಬಹುದು, ಹಲ್ಲುಜ್ಜುವುದೂ ಸುಲಭ.

ಭೀಮಾ ದಂಡಿ, ಯಾದಗಿರಿ:
ಅಕಿ ಚಾ ಬಿಡೋದು ಅನುಮಾನ್ರಿ! ಕಲಬುರಗಿಗಿ ಎಷ್ಟು ಸಲ ಓಡಾಡ್ಬೇಕಾಗ್ತದ? ನೋವಿಗಿ ಯಾವ ಗುಳಿಗಿ?

ಹಲ್ಲು_ಆರ್ಥೋ, ಕಲಬುರಗಿ:
ತಂತಿಗೆ 4ರಿಂದ 6 ವಾರಕ್ಕೊಮ್ಮೆ, ಜೊತೆಗೆ ಬ್ರ್ಯಾಕೆಟ್ ಕಿತ್ತಾಗಲೆಲ್ಲ. ಅಲೈನರಿಗೆ 6ರಿಂದ 8 ವಾರ, ನಡುವಿನ ಟ್ರೇಗಳನ್ನು ಒಟ್ಟಿಗೇ ಕೊಟ್ಟು ಕಳಿಸುತ್ತಾರೆ. ಬೆಳಗ್ಗೆ ರೈಲು ಹತ್ತಿ ಸಂಜೆ ಮನೆ ಸೇರುವ ದೂರ, ಓಡಾಟ ಒಂದನ್ನೇ ನೋಡಿ ನಿರ್ಧಾರ ಮಾಡಬೇಡಿ. ತಂತಿಗೆ ಒಪ್ಪಿದರೆ ಕಲಬುರಗಿ, ಹುಮನಾಬಾದಿನ ಡೆಂಟಲ್ ಕಾಲೇಜುಗಳಲ್ಲೂ ವಿಚಾರಿಸಿ. ಚಹಾ ಬಿಡುವುದು, ಟ್ರೇ ತಪ್ಪದೆ ಹಾಕುವುದು ಆಗದ ಮಾತು ಎಂದು ಈಗಲೇ ಅನಿಸಿದರೆ ತಂತಿಯೇ ಹಾಕಿಸಿ, ಅದನ್ನು ಯಾರೂ ತೆಗೆದಿಡಲಾಗದು.

10 ದಿನ ಎಲ್ಲ ಟ್ರೇಗೂ ಕಡ್ಡಾಯವಲ್ಲ. ಕೋರೆಹಲ್ಲು ಇಳಿಸುವ ಹಂತದಲ್ಲಿ 14 ದಿನ ಇಡುವುದು ಮೇಲು. ಟ್ರೇ ಬದಲಿಸಿದ ಮೊದಲೆರಡು ದಿನ ಬಿಗಿತ ಇರುತ್ತದೆ, ರಾತ್ರಿ ಮಲಗುವ ಮುಂಚೆ ಬದಲಿಸಿದರೆ ನಿದ್ದೆಯಲ್ಲಿ ಕಳೆಯುತ್ತದೆ. ಬೇಕೆಂದರೆ ಪ್ಯಾರಾಸಿಟಮಾಲ್. ಐಬುಪ್ರೊಫೇನ್ ದಿನಾ ನುಂಗಿದರೆ ಹಲ್ಲು ಸರಿಯುವುದನ್ನೇ ನಿಧಾನ ಮಾಡಬಹುದು.

ಯಾವುದನ್ನು ಹಾಕಿಸಿದರೂ ಕೊನೆಗೆ ರಿಟೇನರ್ ತಪ್ಪದು. ವಸಡಿನ ನಾರು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷದವರೆಗೂ ಹಿಡಿಯುತ್ತದೆ, ಅಲ್ಲಿಯವರೆಗೆ ಹಲ್ಲು ಹಳೇ ಜಾಗಕ್ಕೇ ಜಗ್ಗುತ್ತದೆ. ಮೊದಲ ಕೆಲ ತಿಂಗಳು ದಿನವಿಡೀ, ಆಮೇಲೆ ರಾತ್ರಿ. ಕೆಳಗಿನ ಮುಂದಿನ ಹಲ್ಲಿಗೆ ಒಳಬದಿಯಲ್ಲಿ ತೆಳು ತಂತಿ ಅಂಟಿಸಿಬಿಡುವುದು ಇನ್ನೂ ಭದ್ರ. ತೆಗೆದಿಡುವ ರಿಟೇನರ್ ಕಳೆದರೆ ಹೊಸದು ಬರುವವರೆಗೆ ಕೊನೆಯ ಟ್ರೇ ಹಾಕಿಕೊಳ್ಳಬಹುದು, ಅದನ್ನು ಡಬ್ಬಿಯಲ್ಲಿ ಎತ್ತಿಡಿ.